ಹಂಪವ್ವ ಕುಂಕುಮ ಒರೆಸಿಕೊಂಡ ದಿನ

ಹರಿಹರದಲ್ಲಿ ಹುಟ್ಟಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮೂವತ್ತು ವರ್ಷ ದುಡಿದ ಹಂಪವ್ವನಿಗೆ ಅಕ್ಷರ ಬರುವುದು ಸಹಿ ಹಾಕುವಷ್ಟು ಮಾತ್ರ. ಆದರೂ ಭಟ್ಟಿ ಹೆಂಗಸರ ಸಂಘ ಕಟ್ಟಿದವಳು ಅವಳೇ. ಅವಳದು ಬಾಯಿ ಜೋರು ಎಂದವರಿಗೆ, "ಕೈಯೂ ಜೋರೇ ಐತೆ, ಮಂಡಕ್ಕಿ ತಿಂದು ನೋಡ್ರಿ" ಎನ್ನುತ್ತಾಳೆ.

ಹೋದ ಕಾರ್ತಿಕದಲ್ಲಿ ಸಾಹುಕಾರ ಹಾಲೇಶಪ್ಪ ಹೊಸ ಭಟ್ಟಿ ಕಟ್ಟಿಸಿದ. ಪೂಜೆಯ ಬೆಳಿಗ್ಗೆ ಸಂಘದ ಹೆಂಗಸರು ಬಂದಾಗ ಬಾಗಿಲಲ್ಲೇ ನಿಂತು, "ಮುತ್ತೈದೇರು ಒಳಗೆ ಬರ್ರಿ. ಉಮಕ್ಕ, ನೀನು ನಾಳೆ ಬಾರವ್ವ" ಎಂದ. ಉಮಾಮಹೇಶ್ವರಿಯ ಗಂಡ ತೀರಿ ವರ್ಷವಾಗಿತ್ತು. ಅವಳು ತಲೆ ತಗ್ಗಿಸಿ ಹೊರಟಳು.

ಹಂಪವ್ವ ಅವಳ ಕೈ ಹಿಡಿದು ನಿಲ್ಲಿಸಿ, ಸೆರಗಿನ ತುದಿಯಿಂದ ತನ್ನ ಹಣೆಯ ಕುಂಕುಮ ಒರೆಸಿಕೊಂಡಳು. ಅದನ್ನು ನೋಡಿ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಒರೆಸಿಕೊಂಡರು.

"ಅಯ್ಯೋ, ಗಂಡ ಬದುಕಿರೋರು ಹಿಂಗೆ ಮಾಡ್ತಾರೇನವ್ವ!" ಎಂದು ಸಾಹುಕಾರ ಬೆವತುಹೋದ.

"ನಮ್ಮ ಗಂಡಂದಿರಿಗೇನೂ ಆಗಲ್ಲ ಬಿಡ್ರಿ, ಇನ್ನೂ ಹೊದ್ಕಂಡು ಮಲಗ್ಯಾರೆ. ಈಗ ಯಾರನ್ನ ಒಳಗೆ ಬಿಡ್ತೀರಿ, ಆರಿಸ್ಕಳ್ರಿ" ಎಂದಳು ಹಂಪವ್ವ.

ಹೆಂಗಸರು ಕಿಸಕ್ಕನೆ ನಕ್ಕರು. ಮುಹೂರ್ತ ಮೀರುತ್ತದೆಂದು ಒಳಗಿನಿಂದ ಐನೋರು ಕೂಗಿದರು. "ಎಲ್ಲಾರೂ ಬರ್ರವ್ವ" ಎಂದು ಹಾಲೇಶಪ್ಪ ದಾರಿ ಬಿಟ್ಟ.

ಹಂಪವ್ವ ಬೆಂಕಿಪೊಟ್ಟಣವನ್ನು ಉಮಕ್ಕನ ಕೈಗೇ ಕೊಟ್ಟಳು. ಉಮಕ್ಕ ಗೀರಿದ ಕಡ್ಡಿಗೆ ಹೊಸ ಭಟ್ಟಿ ಧಗ್ಗನೆ ಹತ್ತಿಕೊಂಡಿತು. ಮೊದಲ ಮಂಡಕ್ಕಿ ಚಟಚಟನೆ ಅರಳುವಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳೂ ಉಮಕ್ಕನೇ.