ಅರ್ಧ ಒರೆಸಿದ ವಿಮಾನ

ಹಲ್ಲು ಕಟ್ಟುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಆ ಗೃಹಿಣಿಯನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರೊಬ್ಬರ ಚಿಕಿತ್ಸಾಲಯದ ಹಿಂಬದಿಯ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಕುಳಿತು, ಮೇಣದಲ್ಲಿ ಒಸಡನ್ನು ತಿದ್ದಿ, ಅದರಲ್ಲಿ ಒಂದೊಂದೇ ಹಲ್ಲನ್ನು ನೆಡುತ್ತ, ಇಪ್ಪತ್ತಾರು ವರ್ಷಗಳಿಂದ ಆಕೆ ಊರಿನ ನಗೆಯನ್ನು ಕಾಪಾಡಿಕೊಂಡು ಬಂದಿದ್ದಳು. ಸ್ವಂತ ಮಾವನವರ ಬಾಯಲ್ಲಿದ್ದುದೂ ಆಕೆಯದೇ ಕೃತಿ. ಆದುದರಿಂದ ಅವರು ಸೊಸೆಯನ್ನು ಗದರಿಸುವಾಗಲೆಲ್ಲ ಸೊಸೆ ಕಟ್ಟಿಕೊಟ್ಟ ಹಲ್ಲುಗಳಿಂದಲೇ ಗದರಿಸಬೇಕಾಗಿತ್ತು. ಈ ಸಂಗತಿ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿದವರಲ್ಲ.

ಹಗಲೆಲ್ಲ ಹಲ್ಲಿನೊಡನೆ ಹೆಣಗಿದ ಕೈಗಳು ಸಂಜೆ ಮನೆಗೆ ಬಂದರೂ ಸುಮ್ಮನಿರಲೊಲ್ಲವು. ಊಟದ ಮೇಜಿನ ಒಂದು ತುದಿಯಲ್ಲಿ ಬಟ್ಟೆ ಹಾಸಿಕೊಂಡು ಆಕೆ ವಿಮಾನ ಮಾಡುತ್ತಿದ್ದಳು. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಬಣ್ಣ ಬಳಿಯುವುದು ಯಾರಿಂದಲೂ ಆದೀತು. ಆಕೆಯ ವಿದ್ಯೆ ಅಲ್ಲಿಂದ ಮುಂದಿನದು. ನಿಜ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲಿನಷ್ಟಿದ್ದ, ಮೊಳಕ್ಕಿಂತ ಗಿಡ್ಡದಾದ ಆ ಜೆಟ್ಟಿನೊಳಗೆ ಪೈಲಟ್ಟಿನ ಆಸನಕ್ಕೆ ಮಾತ್ರೆಯ ಪಟ್ಟಿಯ ಬೆಳ್ಳಿ ಹಾಳೆಯಿಂದ ಬೆಲ್ಟು ಕತ್ತರಿಸಿ, ಕೂದಲಿನಷ್ಟು ತೆಳುವಾದ ತಂತಿಯನ್ನು ಬಗ್ಗಿಸಿ ಅದಕ್ಕೆ ಬಕಲ್ ತೊಡಿಸಿದ್ದಳು. ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ, ಹಳೆಯ ಟೆಲಿಫೋನಿನ ತಂತಿಯನ್ನು ಸುಲಿದು ತೆಗೆದ ತಾಮ್ರದ ಎಳೆಗಳು ಕೊಳವೆಗಳಾಗಿ ಹರಿದಿದ್ದವು. ಹಲ್ಲು ಕೊರೆಯುವ ಯಂತ್ರದ ಅತಿ ಸಣ್ಣ ಮೊನೆಯಿಂದ ಹೊಗೆ ಹೊರಡುವ ಬಾಯಿಯನ್ನು ಕೊರೆದಿದ್ದಳು. ಕಟ್ಟಿದ ಹಲ್ಲಿಗೆ ಹೊಳಪು ಕೊಡುವ ಲೇಪದಿಂದ ಪೈಲಟ್ಟಿನ ತಲೆಯ ಮೇಲಿನ ಗಾಜನ್ನು ಉಜ್ಜಿದ್ದಳು. ಇರುವೆಯ ಕಾಲಿಗೂ ಗಂಟುಗಳನ್ನು ಲೆಕ್ಕವಿಟ್ಟು ಜೋಡಿಸಿದ ಭಗವಂತನು ಈ ಮೇಜಿನ ಬಳಿ ಒಂದು ಗಳಿಗೆ ನಿಂತಿದ್ದರೆ, ಸಹೋದ್ಯೋಗಿಯೊಬ್ಬಳು ಸಿಕ್ಕಿದಳೆಂದು ಸಂತೋಷಪಡುತ್ತಿದ್ದನು.

ನಗರದ ಮಾದರಿ ವಿಮಾನಗಳ ಸಂಘದವರು ಮಾತ್ರ ಅಷ್ಟು ಸುಲಭವಾಗಿ ಸಂತೋಷಪಡುವವರಲ್ಲ. ಅವರ ವಾರ್ಷಿಕ ಸ್ಪರ್ಧೆಯಲ್ಲಿ ಹಲ್ಲಕ್ಕನಿಗೆ ನಾಲ್ಕು ವರ್ಷ ಸತತವಾಗಿ ಎರಡನೆಯ ಸ್ಥಾನವೇ ಬಂದಿತ್ತು. ಹಿಂದಿನ ವರ್ಷ ಮುಖ್ಯ ತೀರ್ಪುಗಾರರು, ಸದಾ ಕೊರಳಲ್ಲಿ ಮಸೂರ ತೂಗಹಾಕಿಕೊಂಡಿರುತ್ತಿದ್ದುದರಿಂದ ಭೂತಗನ್ನಡಿ ಎಂಬ ಅಡ್ಡಹೆಸರಿನವರು, "ಎಲ್ಲಾ ಚೆನ್ನಾಗಿದೆ ಕಣಮ್ಮ, ಆದ್ರೆ ವಿಮಾನ ಈಗ ತಾನೇ ಸ್ನಾನ ಮಾಡ್ಕೊಂಡು ಬಂದ ಹಾಗಿದೆ. ಕೊಳೆ ಇಲ್ಲದ ವಿಮಾನ ಆಟದ ಸಾಮಾನು" ಎಂದು ಎರಡು ಅಂಕ ಕಳೆದಿದ್ದರು. ಇತ್ತ ಕಣ್ಣಿನ ವೈದ್ಯರು ವರ್ಷದೊಳಗೆ ಎರಡು ಸಲ ಹಲ್ಲಕ್ಕನ ಕನ್ನಡಕ ಬದಲಿಸಿದ್ದರು. ಹಲ್ಲು ಕಟ್ಟಲು ಆ ದೃಷ್ಟಿ ಇನ್ನೂ ಹತ್ತು ವರ್ಷ ಸಾಕಾದೀತು, ಈ ಬಕಲ್ಲುಗಳಿಗೆ ಸಾಲದು ಎಂಬುದು ಆಕೆಗೆ ತಿಳಿದಿತ್ತು. ಮೊದಲ ಸ್ಥಾನ ಬರುವುದಾದರೆ ಈ ಸಲವೇ ಬರಬೇಕು. ಅದಕ್ಕೆಂದೇ ನಾಲ್ಕು ವಾರ ಕುಳಿತು, ತೈಲವರ್ಣವನ್ನು ಟರ್ಪಂಟೈನಿನಲ್ಲಿ ನೀರಾಗಿಸಿ, ವಿಮಾನದ ಹೊಟ್ಟೆಯ ಕೆಳಗೆ ಒಂದೊಂದು ಸಂದಿನಿಂದಲೂ ಎಣ್ಣೆ ಸೋರಿ ಗಾಳಿಗೆ ಹಿಂದಕ್ಕೆ ಹರಿದ ಗೆರೆಗಳನ್ನು ಮೂರು ಕೂದಲಿನ ಕುಂಚದಿಂದ ಎಳೆದಿದ್ದಳು. ಅಂತಹ ಸುಂದರವಾದ ಕೊಳೆಯನ್ನು ಆ ಸಂಘ ಅದುವರೆಗೆ ಕಂಡಿರಲಿಲ್ಲ.

ತೊಡಕು ಒಂದೇ. ವಿಮಾನ ಮಾವನವರದು.

ಮಾವನವರು ನಿವೃತ್ತ ವಿಮಾನ ಮೆಕ್ಯಾನಿಕ್. ಹನ್ನೊಂದು ವರ್ಷ ಅವರು ಒಂದೇ ಒಂದು ಜೆಟ್ಟನ್ನು ನೋಡಿಕೊಂಡಿದ್ದರು. ಪೈಲಟ್ಟುಗಳು ಬರುತ್ತಿದ್ದರು, ಹೋಗುತ್ತಿದ್ದರು. ಅವರೆಲ್ಲ ತನ್ನ ವಿಮಾನವನ್ನು ಗಂಟೆಯ ಮಟ್ಟಿಗೆ ಕೈಗಡ ಒಯ್ಯುವವರು ಎಂಬುದು ಮಾವನವರ ಸಿದ್ಧಾಂತ. ಹಲ್ಲಕ್ಕ ಆ ಜೆಟ್ಟನ್ನೇ ಆರಿಸಿಕೊಂಡದ್ದು ಮನೆಯಲ್ಲಿಯೇ ಇಂತಹ ನಡೆದಾಡುವ ಗ್ರಂಥ ಇದ್ದುದರಿಂದ. ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಮುಚ್ಚಳಕ್ಕೆ ಎಷ್ಟು ಸ್ಕ್ರೂ ಎಂದು ಅವರು ಹೇಳಿದಂತೆಲ್ಲ ಆಕೆ ಕೊರೆದಿದ್ದಳು. ಹೊಟ್ಟೆಯ ಭಾಗವನ್ನು ಮಾತ್ರ ತೋರಿಸಿರಲಿಲ್ಲ. ಸ್ಪರ್ಧೆಯ ಹಿಂದಿನ ಸಂಜೆ, ಕೆಳಗಿನ ಆಂಟೆನಾ ಸಡಿಲಾಯಿತೇನೋ ಎಂದು ವಿಮಾನವನ್ನು ಅಂಗಾತ ಮಲಗಿಸಿ ನೋಡುತ್ತಿದ್ದಾಗ, ಹಿಂದಿನಿಂದ ಮಾವನವರ ನೆರಳು ಮೇಜಿನ ಮೇಲೆ ಬಿದ್ದಿತು.

"ಇದೇನಮ್ಮ ಇದು?"

"ಎಣ್ಣೆ ಸೋರಿದ ಗುರುತು, ಮಾವ."

"ಯಾರ ವಿಮಾನದಿಂದ?"

"ನಿಮ್ಮದರಿಂದಾನೇ."

"ನನ್ನ ವಿಮಾನ ಸೋರಲ್ಲ."

"ಸೋರದೇ ಇರೋ ಜೆಟ್ಟು ಭೂಮಿ ಮೇಲೆ ಇಲ್ಲ ಅಂತ ನೀವೇ ಹೇಳಿದ್ರಲ್ಲ, ಹೋದ ತಿಂಗಳು?"

"ಅದು ಬೇರೆಯವರ ವಿಮಾನದ ಮಾತು. ನಂದು ಸೋರಿದ್ರೂ ಯಾರ ಕಣ್ಣಿಗೂ ಬಿದ್ದಿಲ್ಲ. ಬೆಳಗಾಗೋದ್ರೊಳಗೆ ಒರೆಸಿ ಇಟ್ಟಿರ್ತಿದ್ದೆ. ನಾಳೆ ನಾಲ್ಕು ಜನ ಇದನ್ನ ನೋಡಿ ಏನಂತಾರೆ? ಇದನ್ನ ನೋಡ್ಕೊಂಡ ಮೆಕ್ಯಾನಿಕ್ ಕೊಳಕ ಅಂತಾರೆ."

"ನೀವು ಯಾರು ಅಂತ ಅಲ್ಲಿ ಯಾರಿಗೆ ಗೊತ್ತು ಮಾವ?"

"ನನಗೆ ಗೊತ್ತಲ್ಲ!"

ಹಲ್ಲಕ್ಕನ ಗಂಡನು ಇಷ್ಟು ಹೊತ್ತೂ ಪತ್ರಿಕೆಯ ಒಂದೇ ಪುಟವನ್ನು ಎತ್ತಿ ಹಿಡಿದು ಅದರ ಹಿಂದೆ ಅಡಗಿದ್ದನು. "ಏನೋ, ನೀನಾದ್ರೂ ಹೇಳೋ" ಎಂದು ತಂದೆ ಕೇಳಿದಾಗ, "ನನ್ನನ್ನ ಬಿಟ್ಬಿಡಿಪ್ಪ. ಅವಳ ಪರ ಅಂದ್ರೆ ನಿಮ್ಮ ಕೈಲಿ ಬೈಸ್ಕೋಬೇಕು, ನಿಮ್ಮ ಪರ ಅಂದ್ರೆ ಊಟಕ್ಕೆ ಹೊರಗೆ ಹೋಗ್ಬೇಕು" ಎಂದು ಪುಟವನ್ನು ಇನ್ನಷ್ಟು ಮೇಲಕ್ಕೆತ್ತಿದನು. ಮಾವನವರು ತಮ್ಮ ಕಟ್ಟಿದ ಹಲ್ಲನ್ನು ಬಾಯಿಂದ ತೆಗೆದು ಸೊಸೆಯ ಮುಂದೆ ಮೇಜಿನ ಮೇಲಿಟ್ಟು, ರಾಜೀನಾಮೆ ಕೊಟ್ಟ ಮಂತ್ರಿಯ ಗಾಂಭೀರ್ಯದಿಂದ ಕೋಣೆಗೆ ಹೊರಟುಹೋದರು.

ವಿಷಯ ಅಲ್ಲಿಗೆ ಮುಗಿಯಿತೆಂದು ಹಲ್ಲಕ್ಕ ತಿಳಿದದ್ದೇ ತಪ್ಪಾಯಿತು. ಬೆಳಗ್ಗೆ ಆರು ಗಂಟೆಗೆ ಆಕೆಯನ್ನು ಎಬ್ಬಿಸಿದ್ದು ಟರ್ಪಂಟೈನಿನ ವಾಸನೆ. ಎದ್ದು ಓಡಿ ಬಂದು ನೋಡಿದರೆ, ಮಾವನವರು ಮುಖ ತೊಳೆದು, ತಲೆ ಬಾಚಿ, ಹಲ್ಲನ್ನೂ ಮರಳಿ ಧರಿಸಿ, ಮೇಜಿನ ದೀಪದ ಕೆಳಗೆ ಕುಳಿತಿದ್ದಾರೆ. ಕಿವಿಗೆ ಹಾಕುವ ಹತ್ತಿಕಡ್ಡಿಗಳ ಡಬ್ಬಿ ಎಡಗಡೆ, ಕಪ್ಪಾದ ಕಡ್ಡಿಗಳ ರಾಶಿ ಬಲಗಡೆ. ವಿಮಾನದ ಹೊಟ್ಟೆ ನಡುಗೆರೆಯಿಂದ ಎಡಕ್ಕೆ ಮಗುವಿನ ಕೆನ್ನೆಯಂತೆ ಹೊಳೆಯುತ್ತಿದೆ.

"ಎದ್ಯಾ? ಒಳ್ಳೇದಾಯ್ತು. ಅರ್ಧ ಆಗಿದೆ. ಇನ್ನರ್ಧ ಗಂಟೆ ಕೊಡು, ಮುಗಿಸಿಬಿಡ್ತೀನಿ" ಎಂದರು, ತಲೆಯೆತ್ತದೆ.

"ಮಾವ. ಮೊದಲು ಆ ಕಡ್ಡಿ ಕೆಳಗಿಡಿ."

"ಈ ಸಂದಿ ಒಂದು..."

ಆಕೆ ಕಡ್ಡಿಯನ್ನು ಅವರ ಬೆರಳಿನಿಂದ ಕಿತ್ತುಕೊಂಡು, ಕುರ್ಚಿಯೊಂದನ್ನು ಎಳೆದು ಕುಳಿತು, ನಾಲ್ಕು ವಾರದ ಸಂಜೆಗಳು ಕಸದ ರಾಶಿಯಾಗಿ ಬಿದ್ದಿದ್ದುದನ್ನು ನೋಡಿದಳು. ಅಳುವುದೋ ನಗುವುದೋ ತಿಳಿಯಲಿಲ್ಲ. ತೈಲವರ್ಣ ಒಣಗಲು ಮೂರು ದಿನ ಬೇಕು; ವಿಮಾನವನ್ನು ಸಭಾಂಗಣಕ್ಕೆ ಒಪ್ಪಿಸಲು ಉಳಿದದ್ದು ಎರಡೇ ಗಂಟೆ. ಆಗ ಮಾವನವರಿಗೂ ನಿದ್ದೆಯಿಂದ ಎಚ್ಚರವಾದಂತಾಯಿತು.

"ಒರೆಸದೆ ಹೊರಗೆ ಬಿಡೋದು ಹೇಗಮ್ಮ? ಕೈ ಕೇಳಲಿಲ್ಲ" ಎಂದರು, ಮೆಲ್ಲಗೆ. ಆ ಮಾತು ಅವರ ಬಾಯಲ್ಲಿ ಕ್ಷಮಾಪಣೆಗೆ ಅತ್ಯಂತ ಸಮೀಪವಾದದ್ದು.

ಹೋಗದೆ ಉಳಿಯುವುದಕ್ಕಿಂತ ಹೋಗಿ ಸೋಲುವುದು ಲೇಸೆಂದು ಆಕೆ ಹೊರಟಳು. ತಾನೂ ಬರುತ್ತೇನೆಂದು ಮಾವನವರು ಹಟ ಹಿಡಿದರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಸಂಘದ ನಾಲ್ಕನೆಯ ನಿಯಮವನ್ನು ಅವರಿಗೆ ತಿಳಿಸಿದಳು: ಸ್ಪರ್ಧೆಗಿಟ್ಟ ಮಾದರಿಯ ಯಾವ ಭಾಗವನ್ನೂ ಬೇರೊಬ್ಬರು ಮಾಡಿರಕೂಡದು.

"ಅಲ್ಲಿ ನೀವು ಬಾಯಿ ಬಿಡೋ ಹಾಗಿಲ್ಲ."

"ಬಿಡಲ್ಲ."

"ಏನೇ ಆದ್ರೂ?"

"ನನ್ನ ವಿಮಾನದ ಮೇಲಾಣೆ."

ಸಭಾಂಗಣದಲ್ಲಿ ಉದ್ದನೆಯ ಮೇಜುಗಳ ಮೇಲೆ ಪ್ರತಿಯೊಂದು ಮಾದರಿಯ ಕೆಳಗೂ ಒಂದು ಕನ್ನಡಿ ಇಡುವುದು ಪದ್ಧತಿ. ತೀರ್ಪುಗಾರರು ಮುಟ್ಟದೆಯೇ ಹೊಟ್ಟೆಯನ್ನು ನೋಡಲು ಅದು ಅನುಕೂಲ. ಭೂತಗನ್ನಡಿಯವರು ಹಲ್ಲಕ್ಕನ ವಿಮಾನದ ಮುಂದೆ ಬಾಗಿ, ಕನ್ನಡಿಯೊಳಗೆ ನೋಡಿ, ಮಸೂರ ಹಿಡಿದು ಮತ್ತೆ ನೋಡಿ, ಕೊನೆಗೆ ಮಂಡಿಯೂರಿಯೇ ಕುಳಿತರು. ಬಲಭಾಗದಲ್ಲಿ ಹರಿದ ಎಣ್ಣೆ; ಎಡಭಾಗದಲ್ಲಿ ಮುಂದಿನಿಂದ ಹಿಂದಕ್ಕೆ ಬಿಲ್ಲಿನಂತೆ ಬಾಗಿದ, ಒಂದರ ಮೇಲೊಂದು ಹಾಯ್ದ ಒರೆಸಿದ ಗುರುತುಗಳು; ಪ್ರತಿಯೊಂದು ಸ್ಕ್ರೂವಿನ ಹಿಂದೆ ಬಟ್ಟೆ ತಲುಪದೆ ಉಳಿದ ಬಿದಿಗೆಯ ಚಂದ್ರನಾಕಾರದ ಕಪ್ಪು. ಅಷ್ಟು ಸಣ್ಣ ಹತ್ತಿಕಡ್ಡಿಯಲ್ಲಿಯೂ ಮುದುಕನ ತೋಳು ಹನ್ನೊಂದು ವರ್ಷದ ತನ್ನ ವಕ್ರರೇಖೆಯನ್ನು ಬಿಟ್ಟುಕೊಟ್ಟಿರಲಿಲ್ಲ.

"ಕೊಳೆ ಹಚ್ಚೋರನ್ನ ಸಾವಿರ ಜನ ನೋಡಿದೀನಿ ಕಣಮ್ಮ" ಎಂದರು ಭೂತಗನ್ನಡಿ, ಮಂಡಿಯೂರಿದಂತೆಯೇ. "ಒರೆಸ್ತಾ ಇರೋ ವಿಮಾನ ಮಾಡಿದವರು ನೀವೊಬ್ರೇ. ಹೇಗೆ ಸಾಧಿಸಿದ್ರಿ ಇದನ್ನ?"

ಸುಳ್ಳಾಡುವ ಅಭ್ಯಾಸ ಹಲ್ಲಕ್ಕನಿಗೆ ಇರಲಿಲ್ಲ; ಸತ್ಯವನ್ನು ತುಂಡುಮಾಡಿ ಬಡಿಸುವ ಅಭ್ಯಾಸ ಮಾತ್ರ ಆ ಕ್ಷಣದಲ್ಲಿ ಹುಟ್ಟಿತು.

"ಹತ್ತಿಕಡ್ಡಿ, ಟರ್ಪಂಟೈನು, ಸರ್."

"ಕೈ ಇಷ್ಟು ಪಳಗೋಕೆ ತುಂಬಾ ದಿನ ಬೇಕಾಗಿರಬೇಕು?"

"ಹನ್ನೊಂದು ವರ್ಷ, ಸರ್."

ಮಾವನವರು ಕೈಕಟ್ಟಿ, ತುಟಿ ಬಿಗಿದು, ಮೇಲಿನ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತ ನಿಂತಿದ್ದರು. ಅವುಗಳ ಸಂಖ್ಯೆ ಮೂರೇ ಆದುದರಿಂದ ಮತ್ತೆ ಮತ್ತೆ ಎಣಿಸಬೇಕಾಯಿತು.

ಭೂತಗನ್ನಡಿಯವರು ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಆದರೆ ಸುತ್ತ ಜನ ನೆರೆದಿತ್ತು. ಜನ ನೆರೆದಲ್ಲಿ ಅವರಿಗೆ ವ್ಯಾಖ್ಯಾನ ಉಕ್ಕುತ್ತಿತ್ತು. "ನೋಡಿ, ಇದರಲ್ಲಿ ಒಂದು ಕಥೇನೇ ಇದೆ. ಈ ಮೆಕ್ಯಾನಿಕ್ ಮಹಾ ಸೋಮಾರಿ. ಅರ್ಧ ಒರೆಸಿದ್ದಾನೆ, ಟೀ ಜ್ಞಾಪಕ ಬಂದಿದೆ, ಬಟ್ಟೆ ಬಿಸಾಕಿ ಹೋಗಿದ್ದಾನೆ!"

ಜನ ನಕ್ಕರು. ಮಾವನವರ ಎಣಿಕೆ ನಿಂತಿತು.

"ಯಾರ್ರೀ ಸೋಮಾರಿ?"

"ಮಾವ..." ಎಂದಳು ಹಲ್ಲಕ್ಕ.

"ಟೀ ಕುಡಿಯೋಕೆ ಹೋದ್ನಾ? ನಾನಾ? ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಅರ್ಧಕ್ಕೆ ಬಿಟ್ಟು ಎದ್ದಿಲ್ಲ ಕಣ್ರೀ! ಇವತ್ತು ಬಿಟ್ಟಿದ್ದು ಇವಳು ಕಡ್ಡಿ ಕಿತ್ಕೊಂಡಿದ್ದಕ್ಕೆ!"

ಆಡಿದ ಮಾತಿನ ಬೆಲೆ ಮಾವನವರಿಗೆ ತಿಳಿದದ್ದು ಅದು ಬಾಯಿಂದ ಬಿದ್ದ ಮೇಲೆ. ಸಂಘದ ಕಾರ್ಯದರ್ಶಿ ನಿಯಮಾವಳಿಯನ್ನು ಕಂಕುಳಲ್ಲಿ ಇರಿಸಿಕೊಂಡು ಓಡಿ ಬಂದನು. ಮೃದು ಸ್ವಭಾವದವನು, ನಾಲ್ಕು ವರ್ಷ ಹಲ್ಲಕ್ಕನಿಗೆ ಎರಡನೆಯ ಬಹುಮಾನ ಕೊಟ್ಟು ಕೊಟ್ಟು ಅವನಿಗೇ ಸಂಕೋಚವಾಗಿತ್ತು. ಆಕೆಯನ್ನು ಪಕ್ಕಕ್ಕೆ ಕರೆದು, "ವಯಸ್ಸಾದವರು, ಏನೋ ಕಲ್ಪಿಸ್ಕೊಂಡು ಹೇಳಿರ್ತಾರೆ, ಅಲ್ವಾ ಅಕ್ಕ? ಹೂಂ ಅಂದ್ಬಿಡಿ. ನಾನು ಬರ್ಕೊಳ್ಳೋದೇ ಇಲ್ಲ" ಎಂದನು.

ಮಾವನವರಿಗೆ ಕಿವಿ ಚುರುಕು. ಮುಂದೆ ಬಂದು, "ಹೌದಪ್ಪ. ನನಗೆ ಈಚೆಗೆ ಅರಳುಮರಳು. ಏನೇನೋ..." ಎಂದು ಶುರುಮಾಡಿದರು. ಒಂದೊಂದು ಸ್ಕ್ರೂವಿನ ಸ್ಥಾನವನ್ನೂ ನೆನಪಿನಿಂದ ಹೇಳಿದ ಮನುಷ್ಯ, ತುಂಬಿದ ಸಭೆಯಲ್ಲಿ, ತನಗೆ ನೆನಪಿಲ್ಲವೆಂದು ಹೇಳಲು ಸಿದ್ಧವಾಗಿ ನಿಂತಿದ್ದರು. ಹೂಂ ಎಂಬ ಒಂದಕ್ಷರಕ್ಕೆ ಮೊದಲ ಸ್ಥಾನ ಕಾದಿತ್ತು.

"ಅರಳೂ ಇಲ್ಲ, ಮರಳೂ ಇಲ್ಲ" ಎಂದಳು ಹಲ್ಲಕ್ಕ, ಎಲ್ಲರಿಗೂ ಕೇಳಿಸುವಂತೆ. "ಒರೆಸಿದ್ದು ಅವರೇ. ಎಡಗಡೆ ಪೂರ್ತಿ. ನಾನು ಮಲಗಿದ್ದೆ. ಎಲ್ಲಿ, ಆ ಫಾರಂ ಕೊಡಿ."

ಫಾರಮಿನಲ್ಲಿ ತನ್ನ ಹೆಸರನ್ನು ಹೊಡೆದುಹಾಕಿ ಆಕೆ ಹೀಗೆ ಬರೆದಳು: 'ತಯಾರಿಕೆ: ಸೊಸೆ. ನಿರ್ವಹಣೆ: ಮಾವ.'

ತೀರ್ಪುಗಾರರು ಮೂವರೂ ಒಳಕೋಣೆಗೆ ಹೋಗಿ ಮುಕ್ಕಾಲು ಗಂಟೆ ಚರ್ಚಿಸಿದರು. ಒರೆಸುವುದು ಮಾಡುವುದಾಗುತ್ತದೆಯೇ ಎಂಬ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಮಾವನವರು ಏನನ್ನೂ ಸೇರಿಸಿಲ್ಲ, ತೆಗೆದಿದ್ದಾರೆ ಅಷ್ಟೇ ಎಂದು ಒಬ್ಬರು. ಶಿಲ್ಪಿ ಮಾಡುವುದೂ ಅದನ್ನೇ ಅಲ್ಲವೇ ಎಂದು ಇನ್ನೊಬ್ಬರು. ಕಡೆಗೆ ಹೊರಬಿದ್ದ ತೀರ್ಪನ್ನು ಕೇಳಿ ಫೋಟೋ ತೆಗೆಯುವವನೂ ಕ್ಯಾಮೆರಾ ಕೆಳಗಿಳಿಸಿದನು: ವಿಮಾನವನ್ನು ನಡುಗೆರೆಯಿಂದ ವಿಭಾಗಿಸಿ, ಎಡ ಹೊಟ್ಟೆಯನ್ನು ಇಲ್ಲವೆಂದೇ ಭಾವಿಸಿ, ಉಳಿದುದಕ್ಕೆ ಮಾತ್ರ ಅಂಕ ಕೊಡಲಾಗಿದೆ. ಆ ಲೆಕ್ಕದಲ್ಲಿ ಹಲ್ಲಕ್ಕನಿಗೆ ಎರಡನೆಯ ಸ್ಥಾನ.

"ಅರ್ಧ ಹೊಟ್ಟೆ ಇಲ್ಲದೇ ಎರಡನೇದಾ?" ಎಂದು ಮಾವನವರು ಕುದಿದರು. "ಅರ್ಧ ಹೊಟ್ಟೆ ಇಲ್ಲದ ವಿಮಾನ ನೆಲ ಬಿಟ್ಟು ಏಳುತ್ತೇನ್ರೀ?"

ಹಲ್ಲಕ್ಕನಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆ ನೀರಿನಲ್ಲಿ ನಗೆಯದೆಷ್ಟು, ಉಳಿದುದೆಷ್ಟು ಎಂದು ಆಕೆ ವಿಭಾಗಿಸಲಿಲ್ಲ. "ನಾನೇ ಹಾಳುಮಾಡಿದೆ ಕಣಮ್ಮ" ಎಂದು ಮಾವನವರು ಗೊಣಗಿದ್ದಕ್ಕೆ, "ಹೌದು ಮಾವ, ಹಾಳುಮಾಡಿದ್ರಿ. ಆದ್ರೆ ಎಷ್ಟು ಚೆನ್ನಾಗಿ ಹಾಳುಮಾಡಿದ್ರಿ ಅಂತೀನಿ" ಎಂದಳು.

ಜನ ಕರಗಿದ ಮೇಲೆ ಭೂತಗನ್ನಡಿಯವರು ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದರು. ಒಳಗೆ ಅವರು ಸ್ವತಃ ಮಾಡಿದ ಜೆಟ್ಟು. ಪ್ರದರ್ಶನಕ್ಕೆ ತಂದು, ಧೈರ್ಯವಾಗದೆ ಮೇಜಿನ ಕೆಳಗೇ ಇಟ್ಟಿದ್ದರಂತೆ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಹಿರಿಯರೇ, ತಪ್ಪು ತಿಳೀಬೇಡಿ. ಇದನ್ನೂ ಒಂಚೂರು... ನಿಮ್ಮ ಕೈಯಿಂದ..." ಎಂದರು.

ಮಾವನವರು ಆ ವಿಮಾನವನ್ನು ಎರಡೂ ಕೈಯಲ್ಲಿ ಮೆಲ್ಲನೆ ಮಗುಚಿದರು. ಹೊಟ್ಟೆಯನ್ನು ಮೂತಿಯಿಂದ ಬಾಲದವರೆಗೆ ನೋಡಿ, ನಿಟ್ಟುಸಿರಿಟ್ಟು, "ಇದನ್ನ ಯಾರಪ್ಪ ನೋಡ್ಕೊಂಡಿದ್ದು? ಅವನನ್ನ ಕೆಲಸದಿಂದ ತೆಗೀಬೇಕು" ಎಂದರು. ಬಳಿಕ ಸೊಸೆಯ ಕಡೆಗೆ ತಿರುಗಿ, ಆ ಮನೆಗೆ ಆಕೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ, ಅಪ್ಪಣೆ ಕೇಳಿದರು:

"ಏನಮ್ಮ, ಒರೆಸಲಾ?"

"ಒರೆಸಿ ಮಾವ" ಎಂದಳು ಹಲ್ಲಕ್ಕ, ಕೈಚೀಲದಿಂದ ಹತ್ತಿಕಡ್ಡಿಯ ಡಬ್ಬಿ ತೆಗೆಯುತ್ತ. "ಸರ್, ನಾಲ್ಕನೇ ನಿಯಮ ಜ್ಞಾಪಕ ಇರಲಿ. ಇನ್ಮೇಲೆ ನಿಮ್ಮದೂ ಅರ್ಧ ವಿಮಾನಾನೇ."