ಹನೂರಿನಲ್ಲಿ ಸಾಲ ಪಡೆದವನು

ಕೊಳ್ಳೇಗಾಲದಲ್ಲಿ ನನ್ನದೊಂದು ರೇಷ್ಮೆ ಸೀರೆಯ ಅಂಗಡಿ. ಲೆಕ್ಕಪತ್ರ ನೋಡಿಕೊಳ್ಳಲು ಮಾಂಬಳ್ಳಿಯಿಂದ ಒಬ್ಬಾತ ಬರುತ್ತಾನೆ. ಒಂದು ಬೆಳಿಗ್ಗೆ ಕೋರ್ಟಿನ ಅಮೀನ ಬಂದು ನನ್ನ ಹೆಸರಿಗೆ ಆದೇಶ ಕೊಟ್ಟುಹೋದ. ಹನೂರಿನ ಫೈನಾನ್ಸಿನವನೊಬ್ಬನಿಂದ ನಮ್ಮ ಲೆಕ್ಕದವನು ಪಡೆದ ಸಾಲ ತೀರಿಲ್ಲ. ಪ್ರತಿ ತಿಂಗಳು ಇವನ ಸಂಬಳದಲ್ಲಿ ಒಂದು ಪಾಲು ಹಿಡಿದು ನಾನು ಕೋರ್ಟಿಗೆ ಕಟ್ಟಬೇಕು.

"ನಾ ಅನೂರ್ಗೆ ಓಗಿ ಎಷ್ಟೋ ವರ್ಸ ಆಯ್ತು ಕಣಮ್ಮ. ಯಾರತ್ರಾನೂ ಸಾಲ ಈಸ್ಕಂಡಿಲ್ಲ," ಎಂದ. ಆದರೆ ಆದೇಶದಲ್ಲಿದ್ದ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಅವನವೇ ಆಗಿದ್ದವು.

ವಕೀಲರ ಬಳಿ ಹೋದೆ. "ನಂಬೋದು ಬಿಡೋದು ನಿಮ್ಮ ಕೆಲಸ ಅಲ್ಲ. ಹಿಡೀರಿ, ಕಟ್ಟಿ. ಪೂರ್ತಿ ಸಂಬಳ ಕೊಟ್ರೆ ಆ ಪಾಲು ನಿಮ್ಮ ಕೈಯಿಂದ ಹೋಗುತ್ತೆ. ತಕರಾರು ಅವನು ಹಾಕ್ಲಿ," ಎಂದರು. ಕೋರ್ಟಿನ ದಾಖಲೆ ನೋಡಿ, ಕೇಸಿನ ನೋಟಿಸನ್ನು ಮಾಂಬಳ್ಳಿಯ ಮನೆಯಲ್ಲಿ ಅವನೇ ತೆಗೆದುಕೊಂಡಿದ್ದಾನೆಂದೂ ಹೇಳಿದರು.

ಅವನ ಜೊತೆ ಮಾಂಬಳ್ಳಿಗೆ ಹೋಗಿ ಹೆಂಡತಿಯನ್ನು ಕೇಳಿದಾಗ ಆಕೆಗೇ ಆಶ್ಚರ್ಯ. "ನೀವೇ ತಾನೇ ಮದ್ಯಾನ ಬಂದು ಈಸ್ಕಂಡಿದ್ದು? ಮಾತಿಲ್ಲ ಕತೆಯಿಲ್ಲ, ನೀರ್ ಕುಡುದ್ಬುಟ್ಟು ಒಂಟೋದ್ರಿ," ಎಂದು ಗಂಡನ ಮುಖ ನೋಡಿದಳು. ನೋಟಿಸು ತಲುಪಿದ ಆ ದಿನ ಮದುವೆ ಸೀರೆಗೆಂದು ದೊಡ್ಡ ಕುಟುಂಬವೊಂದು ಬಂದಿದ್ದರಿಂದ ಇವನು ಮಧ್ಯಾಹ್ನ ಅಂಗಡಿಯಲ್ಲೇ ಉಳಿದು ಊಟ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು.

ನಾನು ಸಂಬಳ ಹಿಡಿದೆ. ಅವನು ತಕರಾರು ಹಾಕಿದ. ಮನಸ್ಸು ತಡೆಯದೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹನೂರಿಗೆ ಹೋದೆ. ಟೀ ಅಂಗಡಿಯ ಮುಂದೆ ಇಳಿದೆವು.

"ಏನ್ಸಾ, ಈಗ್ತಾನೆ ಎದ್ದೋದ್ರಿ, ಮತ್ತೆ ಬಂದ್ರಾ?" ಎಂದ ಟೀ ಅಂಗಡಿಯವನು, ಇವನನ್ನೇ ನೋಡುತ್ತಾ. ಬೆಂಚಿನ ಮೇಲಿದ್ದ ಅರ್ಧ ಕುಡಿದ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು. ಬಿಸಿಲು ಬಿದ್ದ ರಸ್ತೆಯ ಎರಡೂ ಕಡೆ ನೋಡಿದೆ, ಯಾರೂ ಇರಲಿಲ್ಲ.

"ಓಗ್ಬುಡಾನ ಬನ್ನಿ ಅಮ್ಮಾ," ಎಂದು ಇವನು ಬೇಡಿಕೊಂಡ. ನಾನು ಕೇಳಲಿಲ್ಲ.

ಫೈನಾನ್ಸಿನವನು ಇವನನ್ನು ನೋಡಿದ ಕೂಡಲೇ ಎದ್ದು ನಿಂತ. ನಮ್ಮ ಅಂಗಡಿಯ ವಿಳಾಸವನ್ನೂ ಸಾಲಗಾರನೇ ಹೇಳಿದ್ದನಂತೆ. "ಸೈನ್ ಆಕಪ್ಪ," ಎಂದು ಪೆನ್ನು ಕೊಟ್ಟ. ಇವನು ಬಲಗೈಯಲ್ಲಿ ಸಹಿ ಮಾಡಿದ. ಫೈನಾನ್ಸಿನವನು ಆ ಕೈಯನ್ನೇ ನೋಡಿದ. "ಮೊಕ ಇವ್ನುದೇ ಕಣಮ್ಮ. ಆದ್ರೆ ಅವ್ನು ಎಡಗೈಲಿ ಬರ್ದ. ಬರಿಯೋವಾಗ ಕಾಗ್ದನೇ ನೋಡ್ಲಿಲ್ಲ, ನನ್ನೇ ನೋಡ್ತಿದ್ದ."

ಅದನ್ನೇ ಫೈನಾನ್ಸಿನವನು ಕೋರ್ಟಿನಲ್ಲೂ ಹೇಳಿದ. ಆದೇಶ ರದ್ದಾಯಿತು, ಕಟ್ಟಿದ್ದೆಲ್ಲ ಇವನಿಗೆ ವಾಪಸ್ಸು ಬಂತು. ಸಾಲ ಪಡೆದವನು ಯಾರೆಂದು ಮಾತ್ರ ಪೊಲೀಸರಿಗೂ ಗೊತ್ತಾಗಲಿಲ್ಲ.

ಅಂದಿನಿಂದ ಇವನು ಅಂಗಡಿಯಿಂದ ಹೊರಟ ಕೂಡಲೇ ನಾನು ಅವನ ಹೆಂಡತಿಗೆ ಫೋನ್ ಮಾಡಿ ತಿಳಿಸುತ್ತೇನೆ. ಕಳೆದ ವಾರ ಅವಳೇ ಮಾಡಿದಳು. "ಅಮ್ಮಾ, ಅವ್ರು ಒಂಟವ್ರಾ?"

ಇವನು ನನ್ನೆದುರಿಗೇ ಕೂತು ರಶೀದಿ ಬರೆಯುತ್ತಿದ್ದ. "ಇಲ್ಲ, ಇಲ್ಲೇ ಇದ್ದಾನೆ," ಎಂದೆ.

ಫೋನಿನಲ್ಲಿ ಯಾರೋ ಮೆಲ್ಲಗೆ ಬಾಗಿಲು ತಟ್ಟುವುದು ಕೇಳಿಸಿತು.

"ತೆಗೀಬೇಡ," ಎಂದೆ. ತಟ್ಟುವುದು ನಿಲ್ಲುವವರೆಗೆ ನಾವಿಬ್ಬರೂ ಫೋನ್ ಇಡಲಿಲ್ಲ.