ಆಲೆಯ ಪಕ್ಕದ ಹೊಂಗೆ

ಹೋದ ತಿಂಗಳು ಮಾಗಡಿಯಲ್ಲಿ ಒಂದು ಮನೆಯ ಕಾಂಪೌಂಡ್ ಕೆಲಸ ನಡೆಯುತ್ತಿತ್ತು. ಗೋಡೆಗೆ ಅಡ್ಡ ಬಂದಿದ್ದ ಕೊಂಬೆಯೊಂದನ್ನು ನಮ್ಮ ಆಳು ಮಚ್ಚಿನಿಂದ ಕಡಿದ. ಕಡಿದ ಜಾಗದಿಂದ ಬೆಳ್ಳಗೆ ಹಾಲು ಒಸರಿ ನನ್ನ ಮುಂಗೈ ಮೇಲೆ ಬಿತ್ತು. ಒರೆಸಿಕೊಳ್ಳುವ ಮೊದಲು ಸುಮ್ಮನೆ ಮೂಸಿ ನೋಡಿದೆ. ಹಸಿ ಹಸಿ, ಒಗರು ವಾಸನೆ. ಆಲೆ ಮರ, ಬೊಂಬೆ ಮಾಡುವ ಜಾತಿ. ಮನೆ ಯಜಮಾನರು ಗೇಟಿನ ಅಳತೆ ಹೇಳುತ್ತಲೇ ಇದ್ದರು, ನನ್ನ ಕಿವಿಗೆ ಬೀಳಲಿಲ್ಲ. ಚನ್ನಪಟ್ಟಣದ ನಮ್ಮ ಎದುರು ಮನೆ ದೊಡ್ಡಪ್ಪ ಕಣ್ಣ ಮುಂದೆ ಬಂದು ನಿಂತಿದ್ದರು... ಹೆಗಲ ಮೇಲೆ ಟವೆಲ್ಲು, ಹುಬ್ಬಿನ ಮೇಲೆಲ್ಲ ಮರದ ಪುಡಿ.

ದೊಡ್ಡಪ್ಪ ಅಂದರೆ ಸಂಬಂಧದಲ್ಲಿ ನನಗೇನೂ ಆಗಬೇಕಿರಲಿಲ್ಲ. ಬೀದಿಗೆ ಹಿರಿಯರು, ಹಾಗಾಗಿ ಎಲ್ಲರಿಗೂ ದೊಡ್ಡಪ್ಪ. ಅವರ ಹೆಂಡತಿ ಎಲ್ಲರಿಗೂ ದೊಡ್ಡಮ್ಮ. ಅವರದು ಬೊಂಬೆ ಕೆಲಸ. ಮರ ತಿರುಗಿಸುವ ಲೇತಿನ ಮುಂದೆ ಕೂತು ಆಲೆ ಮರದ ತುಂಡಿಗೆ ಉಳಿ ಕೊಟ್ಟರೆ ಬುಗುರಿ, ಗಿಲಕಿ, ಬೊಂಬೆಯ ತಲೆ, ಏನು ಬೇಕೋ ಅದು ಉರುಳಿ ಬರುತ್ತಿತ್ತು. ದೊಡ್ಡಮ್ಮ ಜಗಲಿಯಲ್ಲಿ ಕೂತು ಬೊಂಬೆ ಗಾಡಿಗಳಿಗೆ ಚಕ್ರ ಕೂರಿಸುತ್ತಿದ್ದರು. ಮಂಡಿ ನೋವಿನವರು, ಒಮ್ಮೆ ಕೂತರೆ ಏಳುವುದು ಕಷ್ಟ.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ಚನ್ನಪಟ್ಟಣದ ಕೆರೆ ಕೆಳಗೆ ಆಗ ಹೊಸದಾಗಿ ಆಗಿದ್ದ ಬಡಾವಣೆಯಲ್ಲಿ ನನ್ನ ಮನೆಯನ್ನು ಪಾಯದಿಂದ ತಾರಸಿಯವರೆಗೆ ನನ್ನ ಕೈಯಲ್ಲೇ ಕಟ್ಟಿಕೊಂಡೆ, ರಜದ ದಿನ ರಜದ ದಿನ ಸೇರಿಸಿ. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ನಮ್ಮ ಬಾಗಿಲು ಪೂರ್ವಕ್ಕೆ, ದೊಡ್ಡಪ್ಪನದು ಪಶ್ಚಿಮಕ್ಕೆ. ಮಧ್ಯಾಹ್ನ ಹೊರಳಿತೆಂದರೆ ಬಿಸಿಲೆಲ್ಲ ನೇರವಾಗಿ ಅವರ ಜಗಲಿಗೇ. ಮೇಲೆ ಶೀಟಿನ ಸೂರು. ಗಾಳಿ ಅಲ್ಲಾಡುತ್ತಿರಲಿಲ್ಲ, ಕೆರೆಯ ತೇವಕ್ಕೆ ಮೈ ಮೇಲಿನ ಬೆವರು ಆರುತ್ತಿರಲಿಲ್ಲ. ಅಲ್ಲಿಗೆ ಬರುವ ಮೊದಲು ಅವರು ಪೇಟೆಯ ಹಳೆಯ ಹೆಂಚಿನ ಮನೆಯಲ್ಲಿ ಅಣ್ಣತಮ್ಮಂದಿರ ಜೊತೆ ಇದ್ದರಂತೆ. ಒಳಗೆ ಕಾಲಿಟ್ಟರೆ ತಣ್ಣಗೆ ಇರುತ್ತಿತ್ತಂತೆ. ನಮ್ಮದೇ ಮನೆ ಅಂತ ಒಂದಿರಲಿ, ಬಾಗಿಲ ಮುಂದೆ ನೆರಳು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು ದೊಡ್ಡಮ್ಮನನ್ನು ಕರೆತಂದಿದ್ದರು.

ಬೀದಿಯವರೆಲ್ಲ ಸೇರಿ ಮನೆ ಮುಂದೆ ಒಂದೇ ಜಾತಿಯ ಮರ ಹಾಕೋಣ, ನೋಡಲು ಚೆಂದ, ನೀರು ಹಾಕಲು ಸಲೀಸು ಎಂದು ತೀರ್ಮಾನ ಮಾಡಿದೆವು. ಯಾವ ಮರ? ಕೇಳುವುದಾದರೆ ದೊಡ್ಡಪ್ಪನನ್ನೇ ಕೇಳಬೇಕು. ಜೀವಮಾನವೆಲ್ಲ ಮರದ ಜೊತೆ ಕಳೆದವರು ಬೇರೆ ಯಾರಿದ್ದರು?

ನನಗೆ ಗುಲ್ಮೊಹರ್ ಬೇಕಿತ್ತು. ಆಫೀಸರುಗಳ ಕ್ವಾರ್ಟರ್ಸ್ ಮುಂದೆ ಕೆಂಪಗೆ ಹೂ ಬಿಟ್ಟು ನಿಂತಿರುವುದನ್ನು ಕಂಡಿದ್ದೆ. ನನ್ನ ಮನೆಯೇನು ಅದಕ್ಕಿಂತ ಕಡಿಮೆಯೇ ಅನ್ನಿಸಿತ್ತು.

"ಲೇ ಗಾರೆಯವ್ನೆ, ಒಂದು ಗಾಳಿಗೆ ಮುರ್ಕೊಂಡು ಬೀಳ್ತದೆ ಅದು. ಒಲೆಗೂ ಆಗಕಿಲ್ಲ ಕಣ್ಲಾ" ಅಂದರು ದೊಡ್ಡಪ್ಪ.

ಬೇವು ಎಂದೆ. ಉಳಿ ಕೊಟ್ಟರೆ ಪುಡಿಯೆಲ್ಲ ಗಂಟಲಿಗೆ ಹೋಗಿ ಕಹಿಯಾಗುತ್ತೆ ಅಂದರು.

ಒಳಗಿನಿಂದ ದೊಡ್ಡಮ್ಮ ಕೂಗಿ ಹೇಳಿದರು. "ಹೊಂಗೆ ಹಾಕಿ ಅಂತ ನಾನು ಬಡ್ಕೊತಾ ಇವ್ನಿ. ನಮ್ಮೂರ ಬಾವಿತಾವ ಹೊಂಗೆ ಇತ್ತು, ಎಂಥಾ ಬಿಸ್ಲಲ್ಲೂ ಅದ್ರ ಕೆಳಗೆ ನಿದ್ದೆ ಬರ್ತಿತ್ತು."

"ಹೊಂಗೆಗೆ ಹುಳ ಬೀಳ್ತದೆ ಕಣಮ್ಮಿ. ಅದ್ರಲ್ಲಿ ಒಂದು ಬುಗುರಿ ಆಗಕಿಲ್ಲ."

"ಬುಗುರಿ ಆಡ್ಸಕ್ಕಾ ನಾನು ಕೇಳ್ತಿರಾದು?"

ದೊಡ್ಡಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಲೆಕ್ಕದಲ್ಲಿ ಮರ ಅಂದರೆ ಆಲೆ ಮರ ಒಂದೇ. ಹಾಲಿನಂಥ ಬಿಳುಪು, ಕೂದಲಿನಂಥ ಎಳೆ, ಬಣ್ಣ ಕೊಟ್ಟರೆ ಮುಖ ಕಾಣುವಷ್ಟು ಹೊಳಪು. ಇಷ್ಟು ಒಳ್ಳೆಯ ಮೈ ಇರುವ ಮರ ನೆರಳನ್ನು ಕೆಟ್ಟದಾಗಿ ಕೊಡುತ್ತದೆಯೇ? ಕನಕಪುರದ ಆ ಕಡೆ, ಉಯ್ಯಂಬಳ್ಳಿಗೆ ಬಸ್ಸು ಹತ್ತಿ ಹೋಗಿ, ಗೊತ್ತಿದ್ದವರ ಹೊಲದ ಬದುವಿನಿಂದ ಸಸಿ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ತಂದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಿಂದ ಪಂಚೆಯೆಲ್ಲ ಕೆಸರು. ಗುಂಡಿ ನಾವು ತೆಗೆದೆವು, ಮಣ್ಣು ಅವರೇ ಮುಚ್ಚಿದರು. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ.

ಸಸಿಗಳು ಚೆನ್ನಾಗಿಯೇ ಬಂದವು. ಮಳೆಗಾಲದಲ್ಲಿ ಬೀದಿ ಹಸಿರಾಗಿ ಕಾಣುತ್ತಿತ್ತು. ದೊಡ್ಡಪ್ಪ ಹೋಗುವಾಗ ಬರುವಾಗ ಒಂದೊಂದು ಗಿಡದ ಬೆನ್ನು ತಟ್ಟುತ್ತಿದ್ದರು. ಬೇಸಿಗೆಯಲ್ಲಿ ಎಲೆ ಕಡಿಮೆಯಾದರೆ ಎಳೆ ಗಿಡ, ನೀರು ಸಾಲದು ಎಂದುಕೊಳ್ಳುತ್ತಿದ್ದೆವು. ಮರಗಳು ಸೂರಿನ ಎತ್ತರಕ್ಕೆ ಬಂದ ವರ್ಷ, ಈ ಬೇಸಿಗೆಗೆ ನೆರಳು ಗ್ಯಾರಂಟಿ ಎಂದು ಬೀದಿಯವರೆಲ್ಲ ಕಾದೆವು.

ಚಳಿ ಇಳಿಯುತ್ತಿದ್ದಂತೆ ಎಲೆ ಹಳದಿಯಾಯಿತು. ಶಿವರಾತ್ರಿ ಹೊತ್ತಿಗೆ ಒಂದೂ ಉಳಿಯಲಿಲ್ಲ. ಬಿಸಿಲು ಏರುತ್ತಿತ್ತು, ನಮ್ಮ ಬೀದಿ ತುಂಬ ಬರೀ ಕಡ್ಡಿಗಳು ನಿಂತಿದ್ದವು. ಗಿಡ ಸತ್ತವೆಂದೇ ನಾನು ತಿಳಿದೆ. ದೊಡ್ಡಪ್ಪ ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರಿತ್ತು.

"ಬದುಕವೆ ಕಣ್ಲಾ" ಅಂದರು. ಧ್ವನಿಯಲ್ಲಿ ಖುಷಿ ಇರಲಿಲ್ಲ.

ಆಮೇಲೆ ಜಗಲಿಯ ಅಂಚಿನಲ್ಲಿ ಕೂತು, ಆ ಕಡ್ಡಿಗಳನ್ನೇ ನೋಡುತ್ತ ಹೇಳಿದರು. "ಈ ಮರ ನನ್ ಬಾಗ್ಲಿಗೆ ಬಂದಿದ್ದೆಲ್ಲ ಗಾಡಿ ಮೇಲೆ ತುಂಡಾಗಿ ಕಣಪ್ಪ. ಎಲೆ ಯಾವಾಗ ಬರ್ತದೆ, ಯಾವಾಗ ಹೋಯ್ತದೆ, ಯಾವನು ನೋಡಿದ್ದ..."

ದೊಡ್ಡಮ್ಮ ಸುಮ್ಮನಿರಲಿಲ್ಲ. ಚಾಪೆ ಎತ್ತಿಕೊಂಡು ನಮ್ಮ ಜಗಲಿಗೆ ಬಂದರು. ಮಧ್ಯಾಹ್ನದ ಹೊತ್ತು ನಮ್ಮ ಮನೆಯದೇ ನೆರಳು ನಮ್ಮ ಬಾಗಿಲಿಗಿತ್ತು. ನನ್ನ ಹೆಂಡತಿಗೆ ಜೊತೆ ಸಿಕ್ಕಿತು, ಸಂತೋಷವೇ ಆಯಿತು. ಆದರೆ ದೊಡ್ಡಮ್ಮ ಇನ್ನೊಬ್ಬರ ಜಗಲಿಯಲ್ಲಿ ಬೇಸಿಗೆ ಕಳೆಯುವ ಪೈಕಿ ಅಲ್ಲ. ಕೆಲವೇ ದಿನಕ್ಕೆ ಬಟ್ಟೆ ಗಂಟು ಕಟ್ಟಿ ಕೂಟಗಲ್ಲಿನ ತಂಗಿಯ ಮನೆಗೆ ಹೊರಟರು.

"ನಿಮ್ ಮರಕ್ಕೆ ಎಲೆ ಬಂದ್ಮೇಲೆ ಹೇಳಿ ಕಳ್ಸಿ, ಬತ್ತೀನಿ" ಅಂದರು. ಜಗಳವಾಡಲಿಲ್ಲ. ಜಗಳವಾಡಿದ್ದರೆ ದೊಡ್ಡಪ್ಪನಿಗೆ ಹಗುರಾಗುತ್ತಿತ್ತೇನೋ.

ಮಳೆ ಬಿದ್ದ ಮೇಲೆ ವಾಪಸು ಬಂದರು. ಆಮೇಲೆ ಪ್ರತಿ ವರ್ಷವೂ ಶಿವರಾತ್ರಿ ಕಳೆಯುತ್ತಲೇ ಹೋಗುತ್ತಿದ್ದರು. ಅವರಿಲ್ಲದ ಆ ತಿಂಗಳುಗಳಲ್ಲಿ ದೊಡ್ಡಪ್ಪನ ಲೇತು ಮಧ್ಯಾಹ್ನಕ್ಕೇ ನಿಂತುಬಿಡುತ್ತಿತ್ತು. ನನ್ನ ಹೆಂಡತಿ ಸಾರು ಕೊಟ್ಟು ಕಳಿಸಿದರೆ, ಚೆನ್ನಾಗಿದೆ ಎಂದೂ ಹೇಳುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ತೆಂಗಿನ ಗರಿಯ ಚಪ್ಪರ ಹಾಕಿ ನೋಡಿದರು. ಅದರ ಕೆಳಗೆ ಸೆಕೆ ಇನ್ನೂ ಹೆಚ್ಚಾಯಿತು, ತಾವೇ ಕಿತ್ತು ಹಾಕಿದರು. ಬೀದಿಯ ಉಳಿದವರು ಅಷ್ಟರಲ್ಲಿ ಆಲೆ ಕಿತ್ತು ತಮತಮಗೆ ತೋಚಿದ್ದನ್ನು ನೆಟ್ಟಿದ್ದರು. ನಾನು ಹಾಕಿದ ಗುಲ್ಮೊಹರ್ ಒಂದು ಮುಂಗಾರಿನ ಗಾಳಿಗೆ ನನ್ನ ಕಾಂಪೌಂಡಿನ ಮೇಲೇ ಮುರಿದು ಬಿತ್ತು. ದೊಡ್ಡಪ್ಪ ಬಂದು ನೋಡಿ ಏನೂ ಹೇಳದೆ ಹೋದರು. ಆ ಮೌನಕ್ಕೆ ನಾನು ಇವತ್ತಿಗೂ ಋಣಿ.

ಆ ಮಳೆಗಾಲದಲ್ಲೇ ಅವರು ಆಲೆಯ ಪಕ್ಕದಲ್ಲಿ ಒಂದು ಹೊಂಗೆ ಗಿಡ ಇಟ್ಟರು. ಆಲೆಯನ್ನು ಕೀಳಲಿಲ್ಲ. ಯಾಕೆ ಎಂದರೆ, "ಅದೇನು ತಪ್ಪು ಮಾಡೈತೆ? ತಪ್ಪು ನಂದು" ಅಂದರು. ಹೊಂಗೆಗೆ ದಿನಾ ಬಚ್ಚಲ ನೀರು, ಸಂಜೆ ತಮ್ಮ ಕೊಡೆಯನ್ನು ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡುವುದು. ಕೊಡೆ ದಾಟಿದ ದಿನ ನನ್ನನ್ನು ಕೂಗಿ ಕರೆದು ತೋರಿಸಿದರು. ನಾನು ಕಲ್ಲು, ಸಿಮೆಂಟು ತಂದು ಗಿಡದ ಸುತ್ತ ಬೇರಿಗೆ ಜಾಗ ಬಿಟ್ಟು ಒಂದು ಕಟ್ಟೆ ಕಟ್ಟಿಕೊಟ್ಟೆ. ಕೂಲಿ ಎಷ್ಟು ಎಂದು ಕೇಳಿದ್ದರೆ ನನ್ನಿಂದ ಬೈಸಿಕೊಳ್ಳುತ್ತಿದ್ದರು, ಅವರು ಕೇಳಲೇ ಇಲ್ಲ.

ಹೊಂಗೆಯೂ ಎಲೆ ಉದುರಿಸುತ್ತದೆ. ಆದರೆ ಉದುರಿಸಿದ ಬೆನ್ನಿಗೇ ತಳಿರು. ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂತೆ ಮಿರಮಿರ ಮಿಂಚುವ ಎಲೆ, ಬೇಸಿಗೆ ಪೂರ್ತಿ ಉದುರುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ, ಒಂದು ಯುಗಾದಿಯ ಮಾರನೆಯ ದಿನ, ದೊಡ್ಡಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಬಂದು ನನ್ನ ಬಾಗಿಲಲ್ಲಿ ನಿಂತರು.

"ಕೂಟಗಲ್ಲಿಗೆ ಹೋಗಿ ಬತ್ತೀಯೇನ್ಲಾ? ನೆರಳು ಬಂದೈತೆ ಅಂತ ಹೇಳು."

ನಾನು ತಿರುಗಿ ನೋಡಿದೆ. ಮರವೇನೋ ಚೆನ್ನಾಗಿತ್ತು. ನೆರಳು ಮಾತ್ರ... ಆದರೂ ಕೆಲಸ ಬಿಟ್ಟು ಹೋದೆ. ರಾಮನಗರದಲ್ಲಿ ಬಸ್ಸು ಬದಲಿಸಿ ಕೂಟಗಲ್ಲಿಗೆ ಹೋಗಿ ಹೇಳಿದೆ. ದೊಡ್ಡಮ್ಮ ರಾಗಿ ಕೇರುತ್ತಿದ್ದರು. "ಅವ್ರೇ ಹೇಳುದ್ರಾ, ನೀನು ಸೇರಿಸ್ಕೊಂಡು ಹೇಳ್ತಿದ್ದೀಯಾ?" ಅಂದರು. ಅವರೇ ಎಂದೆ. ಮೊರ ಕೆಳಗಿಟ್ಟು ಎದ್ದರು.

ಬಸ್ಸಿಳಿದು ನಾವು ಬೀದಿಗೆ ಬಂದಾಗ ಬಿಸಿಲು ಜಗಲಿಗೆ ಬಿದ್ದಿತ್ತು. ಅದರ ಮಧ್ಯೆ ಹೊಂಗೆಯ ನೆರಳು, ಒಂದು ಚಾಪೆಯ ಅರ್ಧದಷ್ಟು. ದೊಡ್ಡಪ್ಪ ಆಗಲೇ ಅಲ್ಲಿ ಚಾಪೆ ಹಾಸಿ, ನೀರು ಚಿಮುಕಿಸಿ, ತಾವು ಬಿಸಿಲಲ್ಲಿ ನಿಂತಿದ್ದರು. ದೊಡ್ಡಮ್ಮ ಮರ ನೋಡಿದರು, ನೆರಳು ನೋಡಿದರು.

"ಇದ್ರಲ್ಲಿ ಯಾರು ಕೂರಾದು, ನೀವಾ ನಾನಾ?"

"ನೀನು ಕೂತ್ಕೊ. ನಾನು ಒಳಗಿರ್ತೀನಿ."

"ಒಳಗೆ ಬೇಯ್ತೀರಾ?"

"ಬೇಯ್ತೀನಿ ಬುಡು."

ದೊಡ್ಡಮ್ಮ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು. ಗಂಟು ಬಿಚ್ಚಿ ಒಂದು ಹಳೆಯ ಸೀರೆ ತೆಗೆದು ಬೆನ್ನಿಗೆ ಒರಗು ಮಾಡಿಕೊಂಡರು. ಅವತ್ತಿನಿಂದ ಬೇಸಿಗೆಗೆ ಕೂಟಗಲ್ಲಿಗೆ ಹೋಗಲಿಲ್ಲ. ನೆರಳು ಸರಿದಂತೆ ಚಾಪೆಯನ್ನೂ ಸರಿಸಿಕೊಳ್ಳುತ್ತಿದ್ದರು. ಒಳಗೆ ಲೇತು ಸಂಜೆಯವರೆಗೂ ತಿರುಗುತ್ತಿತ್ತು.

ಆಲೆಯೂ ದಪ್ಪವಾಯಿತು. ಬೊಂಬೆ ಕೆಲಸದವರೊಬ್ಬರು ಬಂದು, ಈಗ ಈ ಮರ ಸಿಗುವುದೇ ಕಷ್ಟ, ಕೊಡಿ ಎಂದು ಕೇಳಿದರು. "ಅದು ಬೊಂಬೆಗಲ್ಲ ಕಣಯ್ಯ, ನಮ್ಮನೆಯವ್ಳು ನನ್ನ ಆಡ್ಕೊಳಕ್ಕೆ ಇಟ್ಟಿರಾದು" ಎಂದು ಕಳಿಸಿಬಿಟ್ಟರು.

ದೊಡ್ಡಪ್ಪ ಹೋದರು... ಒಂದು ಮಳೆಗಾಲದಲ್ಲಿ, ಹೆಚ್ಚು ನರಳಲಿಲ್ಲ. ಮುಂದಿನ ಬೇಸಿಗೆಗೆ ತಂಗಿ ಬಂದು ಕರೆದಾಗ ದೊಡ್ಡಮ್ಮ, "ಎಲೆ ಉದುರ್ತಾ ಐತೆ, ನಾನು ಬಂದ್ಬುಟ್ರೆ ಗುಡ್ಸೋರು ಯಾರು?" ಅಂದರು. ತಂಗಿ ಮತ್ತೆ ಕರೆಯಲಿಲ್ಲ. ಕೆಲವು ವರ್ಷಕ್ಕೆ ದೊಡ್ಡಮ್ಮನೂ ಹೋದರು.

ಈಗ ನಾನು ಕಟ್ಟಿಕೊಡುವ ಮನೆಗಳಲ್ಲಿ, ಮುಂದೆ ಯಾವ ಮರ ಹಾಕಿಸೋಣ ಎಂದು ಯಜಮಾನರು ಕೇಳುತ್ತಾರೆ. ನರ್ಸರಿಯವರು ತೋರಿಸಿದ ಪಾಮ್ ಗಿಡದ ಫೋಟೋ ಫೋನಿನಲ್ಲಿರುತ್ತದೆ. ಮಧ್ಯಾಹ್ನದ ಹೊತ್ತು ಹೊರಗೆ ಕೂರುವವರು ಮನೆಯಲ್ಲಿ ಯಾರಿದ್ದಾರೆ, ಯಾವ ತಿಂಗಳಲ್ಲಿ ಕೂರುತ್ತಾರೆ ಎಂದು ನಾನು ಕೇಳುತ್ತೇನೆ. ಕೆಲವರು ನಗುತ್ತಾರೆ. ಮಾಗಡಿಯವರೂ ನಕ್ಕರು.

ಎದುರು ಮನೆಯನ್ನು ಬೇರೆಯವರು ಕೊಂಡಿದ್ದಾರೆ. ಚರಂಡಿ ಕೆಲಸದಲ್ಲಿ ಆಲೆ ಹೋಯಿತು, ಹೊಂಗೆ ಉಳಿದಿದೆ. ಆ ಮನೆಯವರು ಬೆಳಿಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಾಗಡಿಯಿಂದ ಬಂದ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ನೋಡಿದೆ. ನೆರಳು ಆ ಜಗಲಿಯನ್ನೆಲ್ಲ ತುಂಬಿ ಗೋಡೆ ಹತ್ತಿ ಸೂರನ್ನೂ ಮುಚ್ಚಿತ್ತು. ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಕಾಲು ಚಾಚಿ ಕೂತರೂ ಜಾಗ ಮಿಗುತ್ತಿತ್ತು.